ದುರ್ಗ ಬಿದ್ದ ಮೇಲೆ ಏನಾಯ್ತು?

ತಂಗಿಯ ಮಗಳನ್ನು ಕರ್ಕೊಂಡು ಹೊಸದುರ್ಗದಿಂದ ಚಿತ್ರದುರ್ಗದ ಕೋಟೆಗೆ ಹೋಗಿದ್ದೆ. ಓಬವ್ವನ ಕಿಂಡಿ ತೋರಿಸಿದ್ದಾಯ್ತು, ಒನಕೆಯ ಕಥೆ ಹೇಳಿದ್ದಾಯ್ತು. ಇಳಿಯುವಾಗ ಹುಡುಗಿ ಕೇಳಿದಳು, "ಮಾವಾ, ಕೋಟೆ ಬಿದ್ದ ಮೇಲೆ ರಾಜ ಏನಾದ?"

"ಸೆರೆ ಹಿಡ್ದು ಶ್ರೀರಂಗಪಟ್ಟಣಕ್ಕೆ ಒಯ್ದರು ಕಣವ್ವ."

"ಅಲ್ಲಿ ಏನ್ ಮಾಡ್ತಿದ್ದ?"

ನನ್ನ ಬಾಯಿ ಕಟ್ಟಿತು. ಐವತ್ತು ವರ್ಷ ಇದೇ ಜಿಲ್ಲೆಯ ನೀರು ಕುಡಿದಿದ್ದೇನೆ. ನಮ್ಮೂರ ಗುಡ್ಡದ ಕೋಟೆಯೂ ಅದೇ ನಾಯಕರ ಮನೆತನದ್ದು. ಆದರೂ ಈ ಪ್ರಶ್ನೆ ನನಗೆ ಒಮ್ಮೆಯೂ ಹುಟ್ಟಿರಲಿಲ್ಲ.

ಯಾಕೆ ಹುಟ್ಟಲಿಲ್ಲ? ನಮ್ಮ ಪಾಲಿಗೆ ಮದಕರಿ ನಾಯಕರ ಕಥೆ 1779ಕ್ಕೆ ಮುಗಿದುಹೋಗುತ್ತೆ. ಹೈದರಾಲಿ ಗೆದ್ದ, ಕೋಟೆಯೊಳಗಿನವರೇ ಕೈಕೊಟ್ಟರು, ಪರದೆ ಬಿತ್ತು. ತರಾಸು ಅವರ 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಸ್ತಮಾನಕ್ಕೆ ಅತ್ತೆವು, ಸರಿ. ಆದರೆ ಆಮೇಲಿನ ರಾತ್ರಿಯನ್ನು ಯಾರು ಕೇಳಿದೆವು?

ಆ ರಾತ್ರಿ ಒಬ್ಬ ರಾಜನದ್ದಷ್ಟೇ ಅಲ್ಲ. ಬೇಡರ ಬಲ ಮುರಿಯೋದಕ್ಕೆ ಹೈದರ 20,000 ಜನರನ್ನು ಇಲ್ಲಿಂದ ಎಬ್ಬಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ಸಾಗಿಸಿದ, ವಯಸ್ಸಿಗೆ ಬಂದ ಹುಡುಗರನ್ನು ಮತಾಂತರಿಸಿ ಚೇಲಾ ಪಡೆ ಕಟ್ಟಿದ ಎಂದು ಮೈಸೂರಿನ ಹಳೆಯ ಗೆಜೆಟಿಯರ್ ಹೇಳುತ್ತೆ. ಇಪ್ಪತ್ತು ಸಾವಿರ ಜನ, ಸ್ವಾಮಿ! ಹೊಲ, ಮನೆ, ದೇವರು, ನೆಂಟರು, ಎಲ್ಲ ಬಿಟ್ಟು ನಡೆದವರು. ಅವರಿಗೊಂದು ಹಾಡಿಲ್ಲ, ಸಿನಿಮಾ ಇಲ್ಲ, ಭಾಷಣವಂತೂ ಇಲ್ಲವೇ ಇಲ್ಲ.

ಅದೇ ದ್ವೀಪದಲ್ಲಿ ಇನ್ನೊಬ್ಬ ಸೆರೆಯಾಳಿದ್ದ. ಕರ್ನಲ್ ಬೈಲಿ, ಇಂಗ್ಲಿಷರ ಸೇನಾಧಿಕಾರಿ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್-ಟಿಪ್ಪುವಿಗೆ ಸೋತು ಸಿಕ್ಕಿಬಿದ್ದ, 1782ರಲ್ಲಿ ಸೆರೆಯಲ್ಲೇ ಸತ್ತ. ಅವನ ಹೆಸರಿನ ಕತ್ತಲೆಕೋಣೆಯನ್ನು ಇವತ್ತಿಗೂ ಪ್ರವಾಸಿಗಳಿಗೆ ತೋರಿಸ್ತಾರೆ. ಶಾಲೆಯ ಟೂರಿನಲ್ಲಿ ನಾನೂ ಬಗ್ಗಿ ನೋಡಿದ್ದೆ. ನಮ್ಮ ಬಸ್ಸಿನ ತುಂಬ ಇದ್ದದ್ದು ದುರ್ಗದ ಸೀಮೆಯ ಮಕ್ಕಳೇ. "ನಿಮ್ಮ ನಾಯಕರೂ ಇದೇ ಊರಲ್ಲಿ ಸೆರೆಯಿದ್ದು ಇಲ್ಲೇ ಕಣ್ಣು ಮುಚ್ಚಿದರು" ಅಂತ ಅವತ್ತು ಒಬ್ಬರೂ ಹೇಳಲಿಲ್ಲ. ಸೋತ ಇಂಗ್ಲಿಷನಿಗೆ ಇರುವ ನೆನಪು ಸೋತ ನಮ್ಮವರಿಗೆ ಇಲ್ಲ.

ಐರ್ಲೆಂಡಿನವರನ್ನು ನೋಡಿ. ಟೈರೋನಿನ ಪ್ರಭು ಹ್ಯೂ ಓ'ನೀಲ್ ಇಂಗ್ಲೆಂಡಿನ ವಿರುದ್ಧ ವರ್ಷಗಟ್ಟಲೆ ಕಾದಾಡಿ ಸೋತ. 1607ರಲ್ಲಿ ಹಡಗು ಹತ್ತಿ ದೇಶ ಬಿಟ್ಟ, 1616ರಲ್ಲಿ ರೋಮಿನಲ್ಲಿ ಸತ್ತ, ಅಲ್ಲೇ ಮಣ್ಣಾದ. ಜೊತೆಗಿದ್ದವನೊಬ್ಬ ಆ ದಾರಿಯನ್ನೆಲ್ಲ ಬರೆದಿಟ್ಟ. ಆ ನಿರ್ಗಮನವನ್ನೇ ಐರಿಷರು ತಮ್ಮ ಇತಿಹಾಸದ ಒಂದು ಅಧ್ಯಾಯ ಮಾಡಿಕೊಂಡರು. ಸೋತವನ ಆಮೇಲಿನ ಬದುಕೂ ಚರಿತ್ರೆಯೇ ಅನ್ನೋದು ಅವರಿಗೆ ಗೊತ್ತು.

ನಮ್ಮಲ್ಲಿ? ಚುನಾವಣೆ ಬಂದಾಗ ಒಬ್ಬರು ಮದಕರಿಯನ್ನು ಧರ್ಮಯುದ್ಧದ ಕತ್ತಿ ಮಾಡ್ತಾರೆ. ಇನ್ನೊಬ್ಬರು ಹೈದರನಿಗೆ ಕೆಟ್ಟ ಹೆಸರು ಬರುತ್ತೆ ಅಂತ ಆ ಇಪ್ಪತ್ತು ಸಾವಿರದ ಮಾತೇ ಎತ್ತಲ್ಲ. ಇಬ್ಬರಿಗೂ ನಾಯಕರು ಬೇಕಾಗಿಲ್ಲ. ನಿಜಕ್ಕೂ ಅವರದ್ದು ಎರಡು ದೊಡ್ಡ ಶಕ್ತಿಗಳ ನಡುವೆ ಸಿಕ್ಕ ಪಾಳೆಯಗಾರನ ಪಾಡು. ಒಮ್ಮೆ ಹೈದರನ ಜೊತೆ ದಂಡಿಗೆ ಹೋದರು. 1770ರಲ್ಲಿ ಮರಾಠರ ಪರ ನಿಜಗಲ್ ಕೋಟೆ ಹತ್ತಿದ್ದು ದುರ್ಗದ ಪಡೆಯೇ. 1777ರಲ್ಲಿ ಯಾರು ಗೆಲ್ಲುತ್ತಾರೋ ನೋಡೋಣ ಅಂತ ಹೈದರನ ನೆರವಿಗೆ ಹೋಗದೆ ಕಾದರು, ಲೆಕ್ಕ ತಪ್ಪಿತು. ದಂಡ ಕಟ್ಟುತ್ತೇವೆ ಅಂದರೂ ಹೈದರ ಒಪ್ಪಲಿಲ್ಲ. ಇದರಲ್ಲಿ ಧರ್ಮಕ್ಕಿಂತ ಹೆಚ್ಚಾಗಿ ಉಳಿಯುವ ಹಟವಿದೆ. ಅದನ್ನು ಹಾಗೇ ಹೇಳಿದರೆ ಯಾರ ಮಾನ ಹೋಗುತ್ತೆ?

"ಸೋತದ್ದನ್ನು ಮಕ್ಕಳಿಗೆ ಯಾಕ್ರೀ ಹೇಳಬೇಕು" ಅಂತ ಗೆಳೆಯರೊಬ್ಬರು ಅಂದರು. ಯಾಕೆ ಅಂದರೆ, ನಮ್ಮ ಸೀಮೆಯ ಜನ ಈಗಲೂ ಬರಕ್ಕೆ ಸೋತು, ಬೋರ್‌ವೆಲ್ ಬತ್ತಿ, ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಊರು ಬಿಟ್ಟವರ ಕಥೆ ಬಿಟ್ಟ ದಿನಕ್ಕೇ ಮುಗಿಯಿತು ಅಂತ ಕಲಿಸಿದರೆ, ನಾಳೆ ಇವರನ್ನೂ ಹಾಗೇ ಮರೀತೀವಿ.

ಇನ್ನೊಂದು ಪ್ರತಿಮೆ ಬೇಡ. ಕೋಟೆಯಿಂದ ಇಳಿಯುವ ದಾರಿಯಲ್ಲಿ ಒಂದು ಕಲ್ಲು ಸಾಕು: "1779. ಇಲ್ಲಿಂದ ಇಪ್ಪತ್ತು ಸಾವಿರ ಜನ ನಡೆದುಹೋದರು." ಮುಂದಿನ ಸಲ ಹುಡುಗಿ ಕೇಳಿದಾಗ ಕೈತೋರಿಸೋಕೆ ನನಗೊಂದು ಜಾಗವಾದರೂ ಇರಲಿ.