ವಾರದ ಪುಡಿ

ನವಲಗುಂದಕ್ಕೆ ಹೋದಾಗ ಸೋದರಮಾವನವರು ಹಾಲಿಗೆ ಪುಡಿಯೊಂದನ್ನು ಸುರಿದು ಕದಡುತ್ತಿದ್ದರು. ‘ಡಿ’ ಜೀವಸತ್ವದ ಪುಡಿ.

“ಮೊಣಕಾಲ ನೋವಿಗೆ ಡಾಕ್ಟರು ಬರದು ಕೊಟ್ಟಾರ, ತಮ್ಮಾ. ದಿನಾ ಒಂದು ಪಾಕೀಟು ತೊಗೋತೇನಿ.”

ನವಲಗುಂದದ ಬಿಸಿಲಿನಲ್ಲಿ ‘ಡಿ’ಯ ಕೊರತೆಯೇ ಎಂದು ವಾಚಕರು ನಗಬಾರದು, ಮಾವನವರು ಹಗಲೆಲ್ಲ ಅಂಗಡಿಯ ಗಾದಿ ಬಿಟ್ಟೇಳದವರು. ಪಾಕೀಟನ್ನು ತಿರುಗಿಸಿ ನೋಡಿದೆ: 60,000 ಯೂನಿಟ್. ಎದೆ ಧಸಕ್ಕೆಂದಿತು. ವೈದ್ಯರ ಚೀಟಿಯಲ್ಲಿ ‘ವಾರಕ್ಕೊಂದು, ಎಂಟು ವಾರ’ ಎಂದೇ ಇತ್ತು, ಇಂಗ್ಲಿಷಿನಲ್ಲಿ!

ವಯಸ್ಕರಿಗೆ ದಿನಕ್ಕೆ 600 ಯೂನಿಟ್ ಸಾಕು, 4,000ವನ್ನು ಮೀರಕೂಡದು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಮಾವನವರು ನೂರು ದಿನದ್ದನ್ನು ಒಂದೇ ಲೋಟದಲ್ಲಿ ಕುಡಿಯುತ್ತಿದ್ದರು, ಅದೂ ಒಂದು ತಿಂಗಳಿನಿಂದ. ಹೆಚ್ಚಾದ ‘ಸಿ’ ಜೀವಸತ್ವವು ಮೂತ್ರದೊಡನೆ ಹೊರಟುಹೋಗುತ್ತದೆ. ‘ಡಿ’ಯಾದರೋ ಮೈಯ ಕೊಬ್ಬಿನಲ್ಲಿ ಬೀಡುಬಿಡುತ್ತದೆ. ಅದು ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಓಕರಿಕೆ, ಮಲಬದ್ಧತೆ, ತೀರದ ದಾಹ. ಕಡೆಗೆ ಮೂತ್ರಪಿಂಡಗಳಿಗೇ ಕೇಡು.

“ಅದಕ್ಕ ಏನು, ರಾತ್ರಿಯೆಲ್ಲಾ ನೀರು ಬೇಡತಾರ?” ಎಂದರು ಅತ್ತೆಯವರು. ಬೇಸಗೆಯ ನೀರಡಿಕೆಯೆಂದು ಅವರು ಸುಮ್ಮನಿದ್ದರು.

ಅಂದೇ ಹುಬ್ಬಳ್ಳಿಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಿದೆವು. ಕ್ಯಾಲ್ಸಿಯಂ ಏರಿಯೇ ಇತ್ತು. ಪುಡಿ ನಿಂತಿದೆ, ಮೈಯಲ್ಲಿ ಸೇರಿದ್ದು ಇಳಿಯಲು ಇನ್ನೂ ಹಲವು ವಾರಗಳು ಬೇಕಂತೆ.