ಕೊನೇ ಹಾಡು ಅಂತ ಯಾರೂ ಹೇಳಲ್ಲ

ಕಳೆದ ತಿಂಗಳು ರಾತ್ರಿ ಬಸ್ಸಲ್ಲಿ ಹಾನಗಲ್ಲಿಗೆ ಹೊರಟಿದ್ದೆ. ಇಯರ್‌ಬಡ್‌ನಲ್ಲಿ ಅಮೆರಿಕದ ಬಾಸ್ಟನ್‌ನ ‘ದಿ ಮೈಟಿ ಮೈಟಿ ಬಾಸ್‌ಟೋನ್ಸ್’. ಇಂಜಿನಿಯರಿಂಗ್ ಓದುವಾಗ ರೂಮ್‌ಮೇಟ್ ಹಚ್ಚಿದ ಚಟ.

ಇವರದು ಸ್ಕಾ ಪಂಕ್. ಸ್ಕಾ ಅಂದ್ರೆ 1950ರ ದಶಕದ ಕೊನೆಗೆ ಜಮೈಕಾದಲ್ಲಿ ಹುಟ್ಟಿದ ಕುಣಿಸೋ ಸಂಗೀತ. ಗಿಟಾರ್ ತಾಳದ ಪೆಟ್ಟಿನ ಮೇಲೆ ಬರಲ್ಲ, ಎರಡು ಪೆಟ್ಟುಗಳ ನಡುವೆ ಬರುತ್ತೆ. ಜೊತೆಗೆ ಟ್ರಂಪೆಟ್, ಟ್ರೊಂಬೋನ್, ಸ್ಯಾಕ್ಸೊಫೋನ್. ಇದಕ್ಕೆ ಪಂಕ್ ರಾಕ್‌ನ ವೇಗ ಸೇರಿಸಿದ್ರೆ ಸ್ಕಾ ಪಂಕ್. 1983ರಲ್ಲಿ ಶುರುವಾದ ಈ ತಂಡದಲ್ಲಿ ಬೆನ್ ಕಾರ್ ಅನ್ನೋರು ಸ್ಟೇಜ್ ಮೇಲೆ ಕುಣಿಯೋಕೆ ಅಂತಲೇ ಇದ್ರು!

2021ರ ಮೇನಲ್ಲಿ ಇವರ 11ನೇ ಆಲ್ಬಮ್ ‘ವೆನ್ ಗಾಡ್ ವಾಸ್ ಗ್ರೇಟ್’ ಬಂತು. ಅದರ ಕೊನೇ ಹಾಡು ‘ದಿ ಫೈನಲ್ ಪೆರೇಡ್’ ಸುಮಾರು 8 ನಿಮಿಷ. ಎಷ್ಟೋ ಬೇರೆ ತಂಡದವರೂ ದನಿಗೂಡಿಸಿದ್ದಾರೆ. ಕೇಳಿದೆ, ಲೈಕ್ ಒತ್ತಿ ಮರೆತೆ. 2022ರ ಜನವರಿಯಲ್ಲಿ ತಂಡವೇ ಮುಗೀತು ಅಂದ್ರು. ಆಮೇಲೆ ಅದೇ ಹಾಡು ಬೇರೆ ಥರ ಕೇಳಿಸ್ತು.

ಬಸ್ಸಲ್ಲಿ ಆ ಹಾಡು ಕೇಳ್ತಾ ನಮ್ಮ ಕಾಕಾ ನೆನಪಾದ್ರು.

ಕಾಕಾ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದ್ತಿದ್ರು. ಲಗ್ನದ ಸೀಜನ್ ಬಂತಂದ್ರೆ ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ಮನೇಲೇ ಇರ್ತಿರಲಿಲ್ಲ. ಕೆಂಪು ಕೋಟು, ಬೆವರು, ಮೆರವಣಿಗೆ. ಆಮೇಲೆ ಡಿಜೆ ಬಂತು, ಆರ್ಡರ್ ಕಮ್ಮಿ ಆದವು. ನಾನು ಅವರನ್ನು ಕೊನೇ ಸಲ ಕೇಳಿದ್ದು ಹಿರೇಕೆರೂರಿನಲ್ಲಿ, ತಂಗಿಯ ಮದುವೆ ಮೆರವಣಿಗೇಲಿ. ಆಗ ಆಫೀಸಿನ ಕಾಲ್‌ನಲ್ಲಿದ್ದೆ. ಒಂದು ಕಿವಿ ಮುಚ್ಚಿಕೊಂಡು, ಸ್ವಲ್ಪ ಮೆತ್ತಗೆ ಊದಿ ಅಂತ ಅವರಿಗೆ ಕೈ ಮಾಡಿದ್ದೆ. ಅವರು ನಕ್ಕು, ತಿರುಗಿ ನಿಂತು ಊದಿದ್ರು.

ಆ ವರ್ಷವೇ ಅವರ ಮುಂದಿನ ಹಲ್ಲು ಹೋದವು. ಟ್ರಂಪೆಟ್ ಊದೋಕೆ ತುಟಿಗೆ ಹಿಂದಿನಿಂದ ಹಲ್ಲಿನ ಆಸರೆ ಬೇಕು. ಮದುವೆ ವಿಡಿಯೋ ತೆಗೆದು ನೋಡಿದೆ: ಎಡಿಟ್ ಮಾಡಿದವರು ಮೆರವಣಿಗೆ ಪೂರ್ತಿ ಸಿನಿಮಾ ಹಾಡು ಹಾಕಿಬಿಟ್ಟಿದ್ರು. ಕಾಕಾ ಊದೋದು ಕಾಣುತ್ತೆ, ಕೇಳಲ್ಲ.

ಊರು ಮುಟ್ಟಿದ ಮೇಲೆ ಒಂದು ಇಯರ್‌ಬಡ್ ಅವರ ಕಿವಿಗೆ ಕೊಟ್ಟೆ. ತೊಡೆ ಮೇಲೆ ತಾಳ ಹಾಕಿ, “ಇವ್ರೂ ನಮ್ಮಂಗ ಮೆರವಣಿಗಿಯವ್ರೇನು?” ಅಂದ್ರು.

“ನೀವೊಂದು ಊದ್ರಿ ಕಾಕಾ.”

“ಹಲ್ಲಿಲ್ಲದ ಬಾಯಾಗ ಊದಿದ್ರ ಬರೇ ಗಾಳಿ ಬರ್ತದ ತಮ್ಮಾ.”

ಆದ್ರೂ ಬಾಯಲ್ಲೇ ಟ್ರಂಪೆಟ್ ದನಿ ಮಾಡ್ತಾ ಒಂದು ಶರೀಫಜ್ಜನ ಪದ ಎತ್ತಿದ್ರು. ಶಿಶುನಾಳ ನಮ್ಮ ಶಿಗ್ಗಾಂವಿ ತಾಲೂಕಿಂದೇ. ಶರೀಫರು 1889ರಲ್ಲಿ ತೀರಿಕೊಂಡಾಗ ಅವರ ದನಿ ಎಲ್ಲೂ ಉಳಿದಿರಲಿಲ್ಲ. ಪದಗಳು ಬಾಯಿಂದ ಬಾಯಿಗೆ ದಾಟಿ ಸಿ. ಅಶ್ವತ್ಥ್ ಕ್ಯಾಸೆಟ್‌ಗಳಿಗೆ ಬಂದವು, 2008ರಲ್ಲಿ ರಘು ದೀಕ್ಷಿತ್ ಆಲ್ಬಮ್‌ಗೂ ಬಂದವು. ಆದ್ರೆ ಪಲ್ಲವಿ ಕೊನೆಗೆ ಕಾಕಾ ಕೊಡೋ ಆ ತಿರುವು ನಾನು ಬೇರೆ ಯಾವ ರೆಕಾರ್ಡಿಂಗ್‌ನಲ್ಲೂ ಕೇಳಿಲ್ಲ.

ನಾಲ್ಕು ನಿಮಿಷ ಫೋನಲ್ಲಿ ರೆಕಾರ್ಡ್ ಮಾಡಿದೆ. ಹಿಂದೆ ಕುಕ್ಕರ್ ಸೀಟಿ ಇದೆ, ಇರಲಿ ಬಿಡಿ. ಫೈಲಿಗೆ ‘ಫೈನಲ್’ ಅಂತ ಹೆಸರಿಡೋಕೆ ಮನಸ್ಸಾಗಲಿಲ್ಲ. ‘ಕಾಕಾ_1’ ಅಂತಿಟ್ಟೆ. ದೀಪಾವಳಿಗೆ ಹೋದಾಗ 2 ಮಾಡಬೇಕು.

ನಿಮ್ಮ ಮನೇಲಿ ಹಾಡೋರು, ಊದೋರು ಯಾರಿದ್ದಾರೆ? ಈ ಸಲ ಊರಿಗೆ ಹೋದಾಗ ಕಾಲ್ ಮ್ಯೂಟ್ ಮಾಡಿ, ರೆಕಾರ್ಡ್ ಒತ್ತಿ.