ಮತ ಕೊಟ್ಟವರ ಲೆಕ್ಕ, ಪಡೆದವಳ ಲೆಕ್ಕ

1969ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಸ್ಥಾನವೊಂದಕ್ಕೆ, ಉತ್ತರ ಐರ್ಲೆಂಡಿನ ಮಿಡ್ ಅಲ್‌ಸ್ಟರ್ ಕ್ಷೇತ್ರದಲ್ಲಿ, ಉಪಚುನಾವಣೆ ನಡೆಯಿತು. ತೀರಿಕೊಂಡ ಸಂಸದನ ಪತ್ನಿಯನ್ನೇ, ಬ್ರಿಟನ್ ಜೊತೆಗೇ ಇರಬೇಕೆನ್ನುವ ಪ್ರಾಟೆಸ್ಟೆಂಟರ ಯೂನಿಯನಿಸ್ಟ್ ಪಕ್ಷ ಕಣಕ್ಕಿಳಿಸಿತ್ತು. ಅನುಕಂಪದ ಅಲೆ ಎಂಬ ಈ ವಿದ್ಯೆ ನಮಗೇನೂ ಹೊಸದಲ್ಲ. ಅಲ್ಲಿ ಅದು ಫಲಿಸಲಿಲ್ಲ. 33,648 ಮತ ಪಡೆದು ಗೆದ್ದವಳು 21 ವರ್ಷದ ಬರ್ನಡೆಟ್ ಡೆವ್ಲಿನ್. ಬಡಗಿಯ ಮಗಳು, ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿನಿ. ಚಿಕ್ಕಂದಿನಲ್ಲೇ ಅಪ್ಪನನ್ನು, ಓದುವಾಗ ಅಮ್ಮನನ್ನು ಕಳೆದುಕೊಂಡು ಒಡಹುಟ್ಟಿದವರ ಹೊಣೆ ಹೊತ್ತಿದ್ದವಳು.

ಪತ್ರಿಕೆಗಳಿಗೆ ಆಕೆಯ ವಯಸ್ಸು, ಉಡುಪುಗಳೇ ಸುದ್ದಿಯಾದವು. ಮಿನಿಸ್ಕರ್ಟ್ ತೊಟ್ಟ ಕ್ಯಾಸ್ಟ್ರೋ ಎಂದು ಯೂನಿಯನಿಸ್ಟ್ ಸಂಸದನೊಬ್ಬ ಗೇಲಿ ಮಾಡಿದ. ನನಗೆ ಕುತೂಹಲವಿರುವುದು ಬೇರೆಡೆ: ಜನ ಯಾತಕ್ಕೆ ಮತ ಹಾಕಿದರು, ಆಕೆ ಅದನ್ನು ಯಾತಕ್ಕೆಂದು ತಿಳಿದಳು?

ಆಗ ಅಲ್ಲಿ ಸ್ಥಳೀಯ ಚುನಾವಣೆಯ ಮತದ ಹಕ್ಕು ಮನೆಗೆ ಅಂಟಿಕೊಂಡಿತ್ತು. ಮನೆ ಹಂಚುವ ಕೌನ್ಸಿಲ್‌ಗಳಲ್ಲಿ ಬಹಳಷ್ಟು ಯೂನಿಯನಿಸ್ಟರ ಕೈಯಲ್ಲಿದ್ದವು. ಕ್ಯಾಥೊಲಿಕ್ ಕುಟುಂಬಕ್ಕೆ ಮನೆ ಕೊಡದಿದ್ದರೆ ಮತವನ್ನೂ ಕೊಡದಂತಾಯಿತು. 1968ರಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಮಕ್ಕಳೊಂದಿಗರಾದ ಕ್ಯಾಥೊಲಿಕರು ಮನೆಗಾಗಿ ಕಾದಿರುವಾಗ ಮದುವೆಯಾಗದ 19ರ ಪ್ರಾಟೆಸ್ಟೆಂಟ್ ಯುವತಿಗೆ ಮನೆ ಸಿಕ್ಕಿತು. ಆ ವರ್ಷದ ನಾಗರಿಕ ಹಕ್ಕಿನ ಮೆರವಣಿಗೆಗಳಿಗೆ ಇಂಥ ಸಂಗತಿಗಳೇ ಕಿಚ್ಚು ಹಚ್ಚಿದವು. ಮರುವರ್ಷದ ಉಪಚುನಾವಣೆಯಲ್ಲಿ ಕ್ಯಾಥೊಲಿಕ್ ಬಣಗಳು ತಮ್ಮೊಳಗಿನ ಜಗಳ ಬದಿಗಿಟ್ಟು ಒಪ್ಪಿದ ಒಂದೇ ಹೆಸರು ಆಕೆಯದು. ಅವರ ದೃಷ್ಟಿಯಲ್ಲಿ ಗೆದ್ದದ್ದು ‘ನಮ್ಮವರು’. ಆಕೆ ಸಮಾಜವಾದಿ, ಬಡ ಪ್ರಾಟೆಸ್ಟೆಂಟನೂ ತನ್ನವನೇ ಎಂದಳು. ಮುಂದಿನ ಐದು ವರ್ಷಗಳ ತಿಕ್ಕಾಟವೆಲ್ಲ ಈ ಎರಡು ಲೆಕ್ಕಗಳ ನಡುವಿನದು.

ಚೊಚ್ಚಲ ಭಾಷಣ ಸೌಮ್ಯವಾಗಿರಬೇಕೆಂಬ ರೂಢಿ ಹೌಸ್ ಆಫ್ ಕಾಮನ್ಸ್‌ನದು. ಆಕೆ ಕಾಲಿಟ್ಟ ದಿನವೇ ಸರ್ಕಾರವನ್ನು ಝಾಡಿಸಿದಳು. ಆ ಆಗಸ್ಟ್‌ನಲ್ಲಿ ಡೆರಿ ನಗರದ ಬಾಗ್‌ಸೈಡ್ ಬಡಾವಣೆಯವರು ಪೊಲೀಸರೊಂದಿಗೆ ಬಡಿದಾಡಿದಾಗ ಅವರ ಜೊತೆ ಬೀದಿಯಲ್ಲಿದ್ದು, ಅದಕ್ಕಾಗಿ ಸಂಸದೆಯಾಗಿದ್ದಾಗಲೇ ಜೈಲಿಗೂ ಹೋದಳು. ಅಮೆರಿಕದಲ್ಲಿ ಐರಿಷ್ ಮೂಲದವರು ಹೊತ್ತು ಮೆರೆಸಿದರು. ನ್ಯೂಯಾರ್ಕಿನ ಮೇಯರ್ ಗೌರವದ ಕುರುಹಾಗಿ ನಗರದ ಬೀಗದ ಕೈ ಕೊಟ್ಟ. ಅದು ಆಕೆಯ ಪರವಾಗಿ ಕಪ್ಪು ಜನರ ಹೋರಾಟದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯ ಕೈಸೇರಿತು. ಮೆರೆಸಿದವರ ಮುಖ ಹೇಗಾಗಿರಬೇಕು! 1971ರಲ್ಲಿ ಮದುವೆಯಾಗದೆ ತಾಯಿಯಾದಾಗ ಊರಿನ ಭಕ್ತ ಮತದಾರರೂ ಮುಖ ತಿರುಗಿಸಿದರು. ಆಕೆ ಮುಚ್ಚಿಡಲಿಲ್ಲ.

1972ರ ಜನವರಿ 30ರಂದು ಡೆರಿಯಲ್ಲಿ ಬ್ರಿಟಿಷ್ ಪ್ಯಾರಾಟ್ರೂಪ್ ಸೈನಿಕರು ನಿರಾಯುಧ ಜನರ ಮೇಲೆ ಗುಂಡು ಹಾರಿಸಿದರು. ಅಂದೇ 13 ಜನ ಸತ್ತರು. ಆಕೆ ಅಲ್ಲಿಯೇ ಇದ್ದಳು. ಮರುದಿನ ಗೃಹಮಂತ್ರಿ ರೆಜಿನಾಲ್ಡ್ ಮಾಡ್ಲಿಂಗ್, ಸೈನಿಕರು ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದರೆಂದು ಸದನಕ್ಕೆ ಹೇಳಿದ. ಕಣ್ಣಾರೆ ಕಂಡ ಸಂಸದೆಗೆ ಸ್ಪೀಕರ್ ಮಾತಿಗೆ ಅವಕಾಶ ಕೊಡಲಿಲ್ಲ. ಆಕೆ ಎದ್ದು ಹೋಗಿ ಮಂತ್ರಿಯ ಕೆನ್ನೆಗೆ ಬಾರಿಸಿದಳು. ಸಂಸತ್ತಿನಲ್ಲಿ ಕೈ ಎತ್ತುವುದನ್ನು ನಾನು ಒಪ್ಪಲಾರೆ. ಆದರೆ ಅಂದು ಸದನದ ಮರ್ಯಾದೆ ಕೆಟ್ಟದ್ದು ಆ ಏಟಿಗಿಂತ ಮೊದಲೇ. ಆ ಗುಂಡೇಟುಗಳಿಗೆ ಸಮರ್ಥನೆಯೇ ಇಲ್ಲವೆಂದು ಬ್ರಿಟಿಷ್ ಪ್ರಧಾನಿ ಅದೇ ಸದನದಲ್ಲಿ ಕ್ಷಮೆ ಕೇಳಲು 2010 ಬರಬೇಕಾಯಿತು.

1974ರಲ್ಲಿ ಕ್ಯಾಥೊಲಿಕ್ ಮತ ಒಡೆಯಿತು, ಆಕೆ ಸೋತಳು. ಒಗ್ಗಟ್ಟು ತಂದ ಸೀಟನ್ನು ಬಿಕ್ಕಟ್ಟು ಒಯ್ದಿತು. 1981ರ ಜನವರಿಯಲ್ಲಿ ಬ್ರಿಟನ್‌ನಿಷ್ಠ ಬಂದೂಕುಧಾರಿಗಳು ಮನೆಗೆ ನುಗ್ಗಿ ಆಕೆಗೂ ಗಂಡ ಮೈಕೆಲ್ ಮೆಕಲಿಸ್ಕಿಗೂ ಗುಂಡಿಟ್ಟರು. ಪ್ಯಾರಾಟ್ರೂಪ್ ಸೈನಿಕರು ಹತ್ತಿರದಲ್ಲೇ ಇದ್ದರು. ದಾಳಿಕೋರರನ್ನು ಹೊರಬರುವಾಗ ಹಿಡಿದರು, ಒಳಹೋಗುವಾಗ ತಡೆಯಲಿಲ್ಲ. ಇಬ್ಬರೂ ಬದುಕಿಕೊಂಡರು.

ಮತ್ತೆಂದೂ ಆಕೆ ಸಂಸತ್ತಿಗೆ ಹೋಗಲಿಲ್ಲ. ಆಮೇಲೆ ಹಲವು ವರ್ಷ ಡಂಗ್ಯಾನನ್ ಪಟ್ಟಣದಲ್ಲಿ ಸಂಸ್ಥೆಯೊಂದನ್ನು ನಡೆಸುತ್ತ, ಹೊರನಾಡಿನಿಂದ ದುಡಿಯಲು ಬಂದವರ ಮನೆ, ಕೂಲಿ, ಕಾಗದಪತ್ರಗಳಿಗಾಗಿ ಓಡಾಡಿದಳು. ಪೋರ್ಚುಗಲ್, ಲಿಥುವೇನಿಯಾಗಳಿಂದ ಬಂದ ಆ ಜನರಿಗೆ ಲಂಡನ್ನಿನ ಸಂಸತ್ತಿನ ಚುನಾವಣೆಯಲ್ಲಿ ಮತದ ಹಕ್ಕಿಲ್ಲ.